ಅಡಮಾನ ಸಾಲ ನಿರ್ವಾಹಕರ ಆಸ್ತಿ ಮೌಲ್ಯಮಾಪನ ಹೊಣೆ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗೃಹ ಅಡಮಾನ ಸಾಲದ ಕಂತುಗಳನ್ನು ವಸೂಲು ಮಾಡಿ, ಲೆಕ್ಕವಿರಿಸಿ, ಸಾಲಗಾರರೊಡನೆ ವ್ಯವಹರಿಸುವ ಸಂಸ್ಥೆಯನ್ನು ಸಾಲ ನಿರ್ವಾಹಕ (ಸರ್ವೀಸರ್) ಎನ್ನುತ್ತಾರೆ. ಸಾಲ ನೀಡಿದ ಬ್ಯಾಂಕೇ ನಿರ್ವಾಹಕನಾಗಿರಬಹುದು ಅಥವಾ ಈ ಕೆಲಸವನ್ನು ಬೇರೊಂದು ಸಂಸ್ಥೆಗೆ ವಹಿಸಿರಬಹುದು. ಅಡಮಾನದ ಮನೆಗೆ ಬೆಲೆ ಕಟ್ಟಿಸುವಾಗ ಹಾಗೂ ಆ ಬೆಲೆಯನ್ನು ಬಳಸುವಾಗ ಇಂತಹ ಸಂಸ್ಥೆಯು ಸಾಲಗಾರನಿಗೆ ಎಷ್ಟರಮಟ್ಟಿಗೆ ಹೊಣೆಯಾಗುತ್ತದೆ ಎಂಬುದನ್ನು ನ್ಯಾಯಾಲಯದ ತೀರ್ಪುಗಳೂ ಶಾಸನಗಳೂ ನಿರ್ಧರಿಸುತ್ತವೆ.

ಮಹತ್ವ

ಕಂತು ಕಟ್ಟಲಾಗದವರು ಸಾಲದ ಷರತ್ತುಗಳ ಸಡಿಲಿಕೆ ಕೋರಿದಾಗ, ಸಡಿಲಿಸಿದ ಕಂತುಗಳಿಂದ ಬರುವ ಹಣವನ್ನು ಮನೆಯ ಹರಾಜಿನಿಂದ ಬರುವ ಹಣದೊಡನೆ ಹೋಲಿಸುವ ಕ್ರಮವಿದೆ. ಇದಕ್ಕೆ ನಿವ್ವಳ ಪ್ರಸ್ತುತ ಮೌಲ್ಯದ ಲೆಕ್ಕವೆಂದು ಹೆಸರು. ಮನೆಯ ಬೆಲೆಯನ್ನು ವಾಸ್ತವಕ್ಕಿಂತ ಹೆಚ್ಚಾಗಿ ನಮೂದಿಸಿದರೆ ಹರಾಜೇ ಲಾಭಕರವೆಂದು ಕಂಡು ಕೋರಿಕೆ ತಿರಸ್ಕೃತವಾಗಬಹುದು. ಹೀಗೆ ಒಂದು ತಪ್ಪು ಅಂಕಿಯಿಂದ ಕುಟುಂಬವು ಮನೆ ಕಳೆದುಕೊಳ್ಳುವ ಸಂಭವವಿದೆ.

ನ್ಯಾಯಾಲಯದ ತೀರ್ಪುಗಳು

ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯವು 1991ರ ನೈಮಾರ್ಕ್ ವಿರುದ್ಧ ಹಾರ್ಟ್ ಫೆಡರಲ್ ಪ್ರಕರಣದಲ್ಲಿ, ಸಾಲದಾತನು ಮೌಲ್ಯಮಾಪನ ಮಾಡಿಸುವುದು ತನ್ನ ಹಣದ ಭದ್ರತೆಗಾಗಿ ಎಂದು ಹೇಳಿತು. ಸಾಲದಾತನ ಸಾಮಾನ್ಯ ಪಾತ್ರವನ್ನು ಮೀರದಿದ್ದಲ್ಲಿ, ಮೌಲ್ಯಮಾಪನದಲ್ಲಿ ಸಾಲಗಾರನ ಬಗ್ಗೆ ಎಚ್ಚರ ವಹಿಸುವ ಕರ್ತವ್ಯ ಅವನಿಗಿಲ್ಲವೆಂದು ತೀರ್ಮಾನಿಸಿತು. 2014ರ ಆಲ್ವಾರೆಜ್ ಪ್ರಕರಣದಲ್ಲಿ, ಸಡಿಲಿಕೆಯ ಅರ್ಜಿಯನ್ನು ಪರಿಶೀಲಿಸಲು ಒಪ್ಪಿದ ನಿರ್ವಾಹಕನಿಗೆ ಆ ಕೆಲಸದಲ್ಲಿ ಎಚ್ಚರ ವಹಿಸುವ ಕರ್ತವ್ಯವಿದೆ ಎಂಬ ಭಿನ್ನ ನಿಲುವು ಮೂಡಿತು. ಆದರೆ 2022ರಲ್ಲಿ ಶೀನ್ ವಿರುದ್ಧ ವೆಲ್ಸ್ ಫಾರ್ಗೊ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅಂತಹ ಕರ್ತವ್ಯವನ್ನು ನಿರಾಕರಿಸಿತು. ಒಪ್ಪಂದದಿಂದ ಉದ್ಭವಿಸುವ ಕೇವಲ ಆರ್ಥಿಕ ನಷ್ಟಕ್ಕೆ ನಿರ್ಲಕ್ಷ್ಯದ ದಾವೆ ಸಲ್ಲದೆಂಬುದು ಅದರ ಆಧಾರ.

ಶಾಸನಬದ್ಧ ರಕ್ಷಣೆ

ಈ ಕಾರಣ ಸಾಲಗಾರನಿಗೆ ಶಾಸನಗಳ ಆಸರೆಯೇ ಮುಖ್ಯವಾಗಿದೆ.

* 2010ರ ಡಾಡ್–ಫ್ರಾಂಕ್ ಕಾಯಿದೆಯು ಒತ್ತಡ ಅಥವಾ ಆಮಿಷದಿಂದ ಮೌಲ್ಯಮಾಪಕನ ಅಭಿಪ್ರಾಯವನ್ನು ತಿರುಚುವುದನ್ನು ನಿಷೇಧಿಸಿತು.
* 2014ರ ಜನವರಿಯಿಂದ, ಮನೆಯ ಮೊದಲ ಅಡಮಾನಕ್ಕೆ ಅರ್ಜಿ ಸಲ್ಲಿಸಿದವರಿಗೆ ಮೌಲ್ಯಮಾಪನ ವರದಿಯ ಪ್ರತಿಯನ್ನು ಉಚಿತವಾಗಿ ನೀಡಬೇಕು. ಮೌಲ್ಯಮಾಪನದ ಶುಲ್ಕವನ್ನು ಮಾತ್ರ ಅವರಿಂದ ಪಡೆಯಬಹುದು.
* ಅದೇ ತಿಂಗಳು ಜಾರಿಗೆ ಬಂದ ನಿರ್ವಾಹಕರ ನಿಯಮಗಳಂತೆ, ನಿವ್ವಳ ಪ್ರಸ್ತುತ ಮೌಲ್ಯದ ಲೆಕ್ಕದಿಂದ ಸಡಿಲಿಕೆ ನಿರಾಕರಿಸಿದರೆ ಬಳಸಿದ ಅಂಕಿಗಳನ್ನು ಲಿಖಿತವಾಗಿ ತಿಳಿಸಬೇಕು. ಹರಾಜಿಗೆ 90 ದಿನ ಅಥವಾ ಅದಕ್ಕಿಂತ ಮುಂಚೆ ಪೂರ್ಣ ಅರ್ಜಿ ಸಲ್ಲಿಸಿದ್ದರೆ, 14 ದಿನಗಳೊಳಗೆ ನಿರ್ವಾಹಕನಲ್ಲೇ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಈ ಅವಧಿಯಲ್ಲಿ ಮನೆಯ ಬೆಲೆಯ ಅಂಕಿಯನ್ನು ಪರಿಶೀಲಿಸಿ, ದೋಷವಿದ್ದರೆ ದಾಖಲೆಗಳೊಡನೆ ಪ್ರಶ್ನಿಸಲು ಸಾಧ್ಯ.