ಬೇಗಡೆಯ ಮೇಲಿನ ಬಣ್ಣ

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಅಜ್ಜಿಯ ಕಾಲದ ಉಂಗುರಕ್ಕೆ ಹೆಚ್ಚಾಗಿ ಎರಡೇ ಹೆಸರು: ಕೆಂಪಿನುಂಗುರ, ಪಚ್ಚೆಯುಂಗುರ. ಬಣ್ಣದ ಹೆಸರೇ ಹರಳಿನ ಹೆಸರು. ಹರಳಿನ ಪರೀಕ್ಷೆ ಬೆಳೆದದ್ದೆಂದರೆ ಬಣ್ಣವನ್ನೂ ಹರಳನ್ನೂ ಬಿಡಿಸಿ ನೋಡಲು ಕಲಿತದ್ದು.

ರತ್ನಪರೀಕ್ಷೆ ಕನ್ನಡ ನಾಡಿಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರತ್ನಗಳ ಗುಣದೋಷ ಬರೆದ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಪೇಟೆಯಲ್ಲಿ ಮುತ್ತು ಮಾಣಿಕ್ಯ ಬಹಿರಂಗವಾಗಿ ಮಾರುವುದನ್ನು ಕಂಡ. ಆದರೂ ಕಣ್ಣನ್ನೇ ನಂಬಿದವರು ಎಲ್ಲ ದೇಶಗಳಲ್ಲೂ ಮೋಸಹೋಗಿದ್ದಾರೆ. ಬ್ರಿಟಿಷ್ ಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ’ ನಿಜಕ್ಕೂ ಸ್ಪಿನೆಲ್ ಎಂಬ ಬೇರೆ ಹರಳು!

ನಮ್ಮ ಕಡೆಯ ಹಳೆಯ ಉಂಗುರದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಹರಳಿನ ಹಿಂಬದಿ ಮುಚ್ಚಿರುತ್ತದೆ. ಅಕ್ಕಸಾಲಿಗರು ಚಿನ್ನದ ಗೂಡಿಗೆ ಅರಗು ತುಂಬಿ, ಅದರ ಮೇಲೆ ಹೊಳೆಯುವ ಬೇಗಡೆ ಹಾಸಿ, ಹರಳು ಕೂರಿಸುತ್ತಿದ್ದರು. ತೆಳು ಬಣ್ಣದ ಕಲ್ಲೂ ಆಗ ತುಂಬಿಕೊಂಡು ಹೊಳೆಯುತ್ತಿತ್ತು. ಅಂದರೆ ಕಾಣುವ ಕೆಂಪು ಕಲ್ಲಿನದಷ್ಟೇ ಅಲ್ಲ, ಬೇಗಡೆಯದೂ ಹೌದು, ಅದನ್ನು ಹಾಸಿದ ಕೈಯದೂ ಹೌದು. ಇಂಥ ಉಂಗುರವನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕಬಾರದು. ನೀರು ಒಳಗಿಳಿದರೆ ಬೇಗಡೆ ಕಪ್ಪಾಗಿ ಹರಳು ಮಂಕಾಗುತ್ತದೆ. ಅವೆನ್ಯೂ ರೋಡಿನ, ಅಂದರೆ ಹಿಂದಿನ ದೊಡ್ಡಪೇಟೆಯ ಚಿನ್ನದಂಗಡಿಗೆ ಒಯ್ದು ಕರಗಿಸಿದರೆ ಚಿನ್ನ ಉಳಿದೀತು, ಆ ಬಣ್ಣ ಉಳಿಯದು.

ಬಣ್ಣ ನಂಬಿದವರನ್ನು ಮೋಸಗೊಳಿಸುವ ಇನ್ನೊಂದು ಹರಳು ಟೂರ್ಮಲಿನ್. ನವರತ್ನಗಳ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ. ಬಣ್ಣದಲ್ಲಿ ಮಾತ್ರ ಅದನ್ನು ಮೀರಿಸುವ ಹರಳು ಅಪರೂಪ. ಹೆಸರು ಸಿಂಹಳದ್ದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಡಚ್ಚರು ಶ್ರೀಲಂಕಾದಿಂದ ಯೂರೋಪಿಗೆ ಒಯ್ದಾಗ, ಬಿಸಿಮಾಡಿದ ಈ ಕಲ್ಲು ಬೂದಿಯನ್ನು ಸೆಳೆಯುವುದನ್ನು ಕಂಡು ಬೆರಗಾದರು. ಬಿಸಿಯಾದಾಗ ಅದರ ಎರಡು ತುದಿಗಳಲ್ಲಿ ವಿದ್ಯುದಂಶ ಹುಟ್ಟುತ್ತದೆ. ಕಬ್ಬಿಣ ಸೇರಿದರೆ ಹಸಿರು, ನೀಲಿ, ಹೆಚ್ಚಾದರೆ ಕಪ್ಪು, ಮ್ಯಾಂಗನೀಸ್‌ನಿಂದ ಗುಲಾಬಿ, 1980ರ ದಶಕದಲ್ಲಿ ಬ್ರೆಜಿಲ್‌ನ ಪರೈಬಾದಲ್ಲಿ ಸಿಕ್ಕ ಉಜ್ವಲ ನೀಲಿಗೆ ಕಾರಣ ತಾಮ್ರ. ಒಂದೇ ಹರಳಿನ ಒಳಗು ಗುಲಾಬಿ, ಅಂಚು ಹಸಿರಾಗಿ ಕಲ್ಲಂಗಡಿಯ ಹೋಳಿನಂತೆ ಕಾಣುವುದೂ ಉಂಟು. ಹಸಿರು ಟೂರ್ಮಲಿನ್ ಒಂದು ಕಾಲದಲ್ಲಿ ‘ಬ್ರೆಜಿಲ್ ಪಚ್ಚೆ’ ಎಂದೇ ಮಾರಾಟವಾಗಿತ್ತು. ಗುರುತಿಸಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು: ಮೇಲಿನಿಂದ ನೋಡಿದರೆ ಟೂರ್ಮಲಿನ್‌ನ ಹಿಂಬದಿಯ ಅಂಚುಗಳು ಜೋಡಿಜೋಡಿಯಾಗಿ ಕಾಣುತ್ತವೆ. ಪಚ್ಚೆಯಲ್ಲಿ ಹಾಗೆ ಕಾಣುವುದಿಲ್ಲ.

1902ರಲ್ಲಿ ಫ್ರಾನ್ಸಿನ ವೆರ್ನ್ಯೂಯಿ ಉರಿಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ ಮೇಲೆ ಕೆಂಪು ಕಲ್ಲು ಅಗ್ಗವಾಯಿತು. ಹೀಗೆ ಬೆಳೆಸಿದ ಕಲ್ಲಿನೊಳಗಿನ ಬಾಗಿದ ಗೆರೆಗಳನ್ನು ಹುಡುಕುವುದು ಪರೀಕ್ಷಕರ ಹೊಸ ಕಸುಬಾಯಿತು.

ಬೆಂಗಳೂರಿಗೆ ಈ ಕಥೆಯಲ್ಲಿ ದೊಡ್ಡ ಪಾಲು ತಂದವರು ಮಲ್ಲೇಶ್ವರದಲ್ಲಿ ಮನೆಮಾಡಿದ್ದ ಸಿ. ವಿ. ರಾಮನ್. 1928ರಲ್ಲಿ ಅವರು ಕಂಡ ಬೆಳಕಿನ ಚದುರುವಿಕೆಯನ್ನು ಸಿ. ರಾಮಸ್ವಾಮಿ 1930ರಲ್ಲಿ ವಜ್ರದಲ್ಲಿ ತೋರಿಸಿದರು. ಚದುರಿದ ಬೆಳಕಿನಲ್ಲಿ ಪ್ರತಿ ಸೆಂಟಿಮೀಟರಿಗೆ 1332ರಲ್ಲಿ ಕಾಣುವ ಗೆರೆ ಇಂದಿಗೂ ವಜ್ರದ ಗುರುತು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ವಜ್ರ, ಲ್ಯಾಬ್ರಡೊರೈಟ್, ಓಪಲ್‌ಗಳ ಒಳಬೆಳಕನ್ನು ದಶಕಗಟ್ಟಲೆ ಬೆನ್ನಟ್ಟಿದರು. ಅವರು ಕೂಡಿಟ್ಟ ಹರಳು, ಖನಿಜಗಳು ರಾಮನ್ ಸಂಶೋಧನಾ ಸಂಸ್ಥೆಯಲ್ಲಿವೆ. ಈಗಿನ ರತ್ನ ಪ್ರಯೋಗಾಲಯಗಳಲ್ಲಿ ಲೇಸರ್ ಕಿರಣ ಉಂಗುರದ ಹರಳನ್ನು ಮೇಲಿನಿಂದ ಮುಟ್ಟಿ, ಹೀಗೆ ಚದುರಿ ಹಿಂದಿರುಗುವ ಬೆಳಕಿನಿಂದಲೇ ಅದರ ಹೆಸರು ಹೇಳುತ್ತದೆ. ಹರಳು ಕೀಳಬೇಕಿಲ್ಲ, ಬೇಗಡೆ ಹಾಸಿದಂತೆಯೇ ಇರುತ್ತದೆ.