‘ನಾನು ರೋಬೋಟ್ ಅಲ್ಲ’ ಎಂದು ತೋರಿಸಲು ವಿಂಡೋಸ್ + ಆರ್ ಒತ್ತಬೇಕೇ?

ಬೇಡ. ಅಸಲಿ ಜಾಲತಾಣಗಳು ಹಾಗೆ ಕೇಳುವುದಿಲ್ಲ.

ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ‘ರನ್’ ಎಂಬ ಪೆಟ್ಟಿಗೆ ತೆರೆಯುತ್ತದೆ. ಕೆಲಸಕ್ಕೆ ಬರುವ ಶಾರ್ಟ್‌ಕಟ್ಟೇ. ಆದರೆ ಅಲ್ಲಿ ಹಾಕಿದ ಆದೇಶವನ್ನು ಕಂಪ್ಯೂಟರ್ ನೇರವಾಗಿ ಪಾಲಿಸುತ್ತದೆ. ವಂಚಕರ ಪುಟದಲ್ಲಿ ‘ನಾನು ರೋಬೋಟ್ ಅಲ್ಲ’ ಎಂದು ಕ್ಲಿಕ್ ಮಾಡಿದೊಡನೆ ಒಂದು ಆದೇಶ ಸದ್ದಿಲ್ಲದೆ ಕಾಪಿ ಆಗಿರುತ್ತದೆ. ಆಮೇಲೆ ವಿಂಡೋಸ್ + ಆರ್, ಕಂಟ್ರೋಲ್ + ವಿ, ಎಂಟರ್ ಒತ್ತಲು ಹೇಳುತ್ತಾರೆ. ಒತ್ತಿದರೆ, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುವ ತಂತ್ರಾಂಶ ಒಳಸೇರಬಹುದು. ಆದೇಶ ಕೊಟ್ಟವರು ನೀವೇ ಆದ್ದರಿಂದ ಆಂಟಿವೈರಸ್ ಕೂಡ ಕೆಲವೊಮ್ಮೆ ಸುಮ್ಮನಿರುತ್ತದೆ.

ನಮ್ಮ ಸಲಹೆ: ಅನುಮಾನವಿದ್ದರೆ ಮೊದಲು ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಅಲ್ಲಿ ಅದು ಬರೀ ಅಕ್ಷರ, ಏನೂ ಆಗದು. ಈಗಾಗಲೇ ಎಂಟರ್ ಒತ್ತಿದ್ದರೆ ಕಂಪ್ಯೂಟರಿನ ಇಂಟರ್ನೆಟ್ ತೆಗೆದು, ಮೊಬೈಲ್‌ನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.