ಉತ್ತರಾಯಣ: ಸೂರ್ಯನ ದಾರಿ, ಗಾಳಿಪಟದ ಹಬ್ಬ

ಉತ್ತರಾಯಣ

ಸಂಕ್ರಾಂತಿ ಹತ್ತಿರವಾದಂತೆ ಶುಭಾಶಯದ ಫಲಕಗಳಲ್ಲಿ ‘ಉತ್ತರಾಯನ’ ಎಂಬ ರೂಪ ಕಾಣಿಸುತ್ತದೆ. ಸರಿಯಾದದ್ದು ಉತ್ತರಾಯಣ. ‘ಉತ್ತರ’ದ ರಕಾರದ ಪ್ರಭಾವದಿಂದ ‘ಅಯನ’ದ ನಕಾರ ಣಕಾರವಾಗಿದೆ, ರಾಮಾಯಣದಲ್ಲೂ ಆದದ್ದು ಇದೇ. ದಕ್ಷಿಣಾಯನದಲ್ಲಿ ಮಾತ್ರ ನಕಾರವೇ ಉಳಿಯುತ್ತದೆ.

ಅಯನವೆಂದರೆ ನಡೆ, ದಾರಿ. ‘ಉತ್ತರ’ದೊಳಗಿರುವ ‘ಉತ್’ಗೆ ಮೇಲೆ ಎಂಬ ಅರ್ಥ. ಹೆಚ್ಚು ಎತ್ತರದ್ದು, ಆಮೇಲಿನದು, ಬಡಗಣ ದಿಕ್ಕು, ಪ್ರಶ್ನೆಗೆ ಕೊಡುವ ಮರುಮಾತು ಎಲ್ಲವೂ ಈ ಒಂದೇ ಪದದಲ್ಲಿವೆ. ಎಷ್ಟು ಸಮೃದ್ಧ ಪದ!

ಸೂರ್ಯ ಬಡಗಣಕ್ಕೆ ಸಾಗುವ ಆರು ತಿಂಗಳೇ ಉತ್ತರಾಯಣ. ಶರಶಯ್ಯೆಯ ಭೀಷ್ಮ ಕಾದದ್ದು ಇದಕ್ಕಾಗಿ. ಈ ಆರು ತಿಂಗಳು ನಮ್ಮ ಪೂಜೆಯ ಸಂಕಲ್ಪದಲ್ಲಿ ಕೇಳಿಬರುವುದೂ ಈ ಹೆಸರೇ. ಸೂರ್ಯ ನಿಜವಾಗಿ ಹೊರಳುವುದು ಡಿಸೆಂಬರ್ 21–22ರ ಹೊತ್ತಿಗೆ. ಆದರೆ ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ, ಉತ್ತರಾಯಣದ ಆರಂಭವೆಂದು ನಾವು ಆಚರಿಸುವ ಮಕರ ಸಂಕ್ರಮಣ ಜನವರಿ 14–15ಕ್ಕೆ ಸರಿದಿದೆ.

ಗುಜರಾತಿನಲ್ಲಿ ಆರು ತಿಂಗಳ ಹೆಸರು ಒಂದು ದಿನದ ಹಬ್ಬದ ಹೆಸರಾಯಿತು. ಆಡುಮಾತಿನಲ್ಲಿ ಈ ಗಾಳಿಪಟದ ಹಬ್ಬ ‘ಉತರಾಣ್’. ಕರ್ನಾಟಕದ ಹಲವೆಡೆ ಗಾಳಿಪಟಕ್ಕೆ ಆಷಾಢದ ಗಾಳಿ ಬೇಕು. ಅಹಮದಾಬಾದಿನವರಿಗೆ ಜನವರಿಯ ಚಳಿಗಾಳಿ. ಅಂದು ಊರಿಗೆ ಊರೇ ‘ಅಗಾಸಿ’ ಅಂದರೆ ತಾರಸಿ ಏರುತ್ತದೆ. ಎದುರಾಳಿಯ ದಾರ ಕಡಿದಾಗ ‘ಕಾಪ್ಯೋ ಛೇ’ ಎಂಬ ಕೂಗು ಬೀದಿ ತುಂಬುತ್ತದೆ, ಕಡಿದೆ ಎಂದರ್ಥ. ಊಟಕ್ಕೆ ಉಂಧಿಯು, ಜಿಲೇಬಿ. ಮರುದಿನವೂ ಪಟ ಹಾರುತ್ತದೆ. ಆ ದಿನ ‘ವಾಸಿ ಉತ್ತರಾಯಣ’. ಈ ‘ವಾಸಿ’ ನಮ್ಮ ‘ಗುಣ, ಮೇಲು’ ಅರ್ಥದ ವಾಸಿಯಲ್ಲ. ಹಿಂದಿಯ ‘ಬಾಸಿ’ಯ ಒಡಹುಟ್ಟು, ಕನ್ನಡದಲ್ಲಿ ತಂಗಳು.